ಗಿರಿ ಇನ್ನೂ ಬಾಗಿಲಲ್ಲೇ

ಮತ್ತೆ ಅದೇ ಗರಗರ, ಎರಡನೇ ಗೇರಿಗೆ ಬೀಳುವಾಗ, ಸರಿ ಮಾಡಿದ್ದೀನಿ ಅಂದಿದ್ದ ಕಳಸದ ಮೆಕ್ಯಾನಿಕ್, ಏನು ಸರಿ ಮಾಡಿದ ಮಣ್ಣು, ಬಾಳೂರಿನ ಸುಫಿಯಾನ್ ಆಗಿದ್ದರೆ ಸದ್ದು ಕೇಳಿಯೇ ಹೇಳುತ್ತಿದ್ದ — ಬೇಡ, ಅವನ ಸುದ್ದಿ ಬೇಡ, ಪ್ರಸಾದ್ ಜೀಪನ್ನು ತಿರುವಿಗೆ ಎಳೆದ, ಹಿಂದಿನ ಸೀಟಿನಲ್ಲಿ ದಿವ್ಯಾ ಮೊಬೈಲ್ ನೋಡುತ್ತ ಗೊಣಗುತ್ತಿದ್ದಾಳೆ, ಥೂ, ಇವಳು ಗಿರಿಯನ್ನ ಇವತ್ತೂ ಬಾಗಿಲಲ್ಲೇ ನಿಲ್ಸಿದಾಳೆ. ಯಾರನ್ನೇ, ಎಂದಳು ಕಾಫಿ ಕೊಯ್ಲಿಗೆ ಹೊರಟ ಪಾಪಮ್ಮ. ಅದೇ ಧಾರಾವಾಹಿಯ ಗಿರಿ, ಟೀವಿಲಿ ಅವನಿಗೂ ಕೇಶವನಿಗೂ ಹಾವು ಮುಂಗುಸಿ ಅಲ್ವಾ, ಮಲ್ಲಿಕಾ ಅಂತ ಒಬ್ಳು ಆಪ್‌ನಲ್ಲಿ ಅದನ್ನೇ ಬೇರೆ ಥರ ಬರೀತಾಳೆ, ಅವರಿಬ್ರೂ ಮತ್ತೆ ದೋಸ್ತಿ ಆಗೋ ಹಾಗೆ. ಆ ಮಲ್ಲಿಕಾ ಬೇರೆ ಯಾರೂ ಅಲ್ಲ, ಇಲ್ಲಿ ಸ್ಟೇರಿಂಗ್ ಹಿಡಿದು ಕೂತ ತಾನೇ ಎಂದು ಗೊತ್ತಾದರೆ ಇವರೆಲ್ಲ ಇಳಿದು ನಡೆದೇ ಹೋದಾರು, ಜೀಪು ತುಂಬುವವರೆಗೆ ಸ್ಟ್ಯಾಂಡಿನಲ್ಲಿ ಕೂತು ಎರಡು ಹೆಬ್ಬೆರಳಲ್ಲಿ ಒತ್ತಿ ಒತ್ತಿ ಬರೆದದ್ದು, ಕೇಶವ ಒಳಗೆ, ಗಿರಿ ಹೊರಗೆ ಕೈ ಎತ್ತಿ ನಿಂತಿದ್ದಾನೆ, ತಟ್ಟುತ್ತಿಲ್ಲ, ಎಷ್ಟು ಅಳಿಸಿ ಬರೆದರೂ ಆ ಬಡ್ಡಿಮಗ ತಟ್ಟುತ್ತಿಲ್ಲ.

ತಟ್ಟಬೇಕಾದವನು ಅವನೇ ತಾನೆ, ತಪ್ಪು ಅವನದು, ಗುಜರಿಗೆ ಹೊರಟಿದ್ದ ಬೇರೊಂದು ಹಳೇ ಜೀಪನ್ನು ಸುಫಿಯಾನೂ ತಾನೂ ಸೇರಿ ತಂದು, ಮಳೆಗಾಲವಿಡೀ ಅದರ ಅಡಿ ಮಲಗಿ, ಅವನಮ್ಮ ಜಮೀಲುನ್ನೀಸಮ್ಮ ಕೊಟ್ಟ ಅಕ್ಕಿರೊಟ್ಟಿಯನ್ನು ಗ್ರೀಸ್ ಕೈಯಲ್ಲೇ ತಿಂದು ಎಬ್ಬಿಸಿ ನಿಲ್ಲಿಸಿದ್ದು, ಅದನ್ನು ಅವನು ತನ್ನನ್ನು ಒಂದು ಮಾತು ಕೇಳದೆ ಹೋಂಸ್ಟೇಯವನಿಗೆ ಮಾರಿಬಿಟ್ಟ, ಕೇಳಿದ್ರೆ ನೀನೂ ಹ್ಞೂಂ ಅಂತಿದ್ದೆ ಬಿಡೋ, ಅಂದ — ಅಂತಿದ್ದೆ, ಕೇಳಿದ್ದರೆ ಅಂತಿದ್ದೆ, ಕೇಳಲಿಲ್ಲವಲ್ಲ. ಆಮೇಲೆ ದಿನಾ ಬಾಳೂರಿನ ಅವನ ಗ್ಯಾರೇಜ್ ದಾಟುವಾಗ ಕಾಣುವುದು ಕಾಲುಗಳು ಮಾತ್ರ, ಯಾವುದೋ ಗಾಡಿಯ ಅಡಿಯಿಂದ ಚಾಚಿದ ಎರಡು ಕಾಲು, ಹಾಡು ಗುನುಗುತ್ತ ಬಲಪಾದ ಅಲ್ಲಾಡಿಸುವ ಚಾಳಿ ಅವನಿಗೆ, ಮುಂಚೆ ಎರಡು ಹಾರನ್ ಹೊಡೆದರೆ ಆ ಪಾದ ಮೇಲೇಳುತ್ತಿತ್ತು, ಬಾರೋ ಅಂದಹಾಗೆ, ಈಗ ಜೀಪಿನ ಸದ್ದಿಗೆ ಅಲ್ಲಾಡುವುದು ನಿಲ್ಲುತ್ತದೆ, ದಾಟಿದ ಮೇಲೆ ಕನ್ನಡಿಯಲ್ಲಿ ನೋಡಿದರೆ ಮತ್ತೆ ಅಲ್ಲಾಡುತ್ತಿರುತ್ತದೆ.

ಒಳಗಿರೋನಿಗೆ ಗೊತ್ತಾ ಇವ ಬಂದು ನಿಂತಿದ್ದು, ಪಾಪಮ್ಮ ಕೇಳುತ್ತಿದ್ದಾಳೆ. ಗೊತ್ತು, ಚಪ್ಪಲಿ ಸದ್ದು ಕೇಳ್ಸಿದೆ, ಎಂದಳು ದಿವ್ಯಾ. ಮತ್ತೆ ಚಿಲಕ ತೆಗೆಯೋಕೆ ಅವನ ಕೈಗೇನು ರೋಗ. ಅಯ್ಯೋ ಪಾಪಕ್ಕ, ತಪ್ಪು ಮಾಡಿದ್ದು ಗಿರಿ. ಮಾಡಿದ, ಬಂದು ನಿಂತನಲ್ಲ, ಒಳಗಿನವ ಏನು, ಆರತಿ ತಟ್ಟೆ ಬರಲಿ ಅಂತ ಕಾಯ್ತಿದಾನಾ, ಅಲ್ವೇನೋ ಪ್ರಸಾದ. ನಂಗೇನು ಗೊತ್ತು ಪಾಪಕ್ಕ, ಎಂದ, ದನಿ ಒರಟಾಯಿತು, ಒಂದು ಸಾಲು ಓದದ ಮುದುಕಿ, ಕಥೆ ಹಾಗೆಲ್ಲ ಮುಗಿಯುತ್ತದಾ, ಒಳಗಿನವನೇ ತೆಗೆದುಬಿಟ್ಟರೆ ಅವನಿಗಾದ ನೋವನ್ನು ಯಾರಿಗೆ ತೋರಿಸುವುದು, ಯಾರು ನೋಡುತ್ತಾರೆ — ಬಾಳೂರು ಬಂತು, ತಗಡಿನ ಮಾಡು, ಎತ್ತಿ ನಿಲ್ಲಿಸಿದ ಪಿಕಪ್ಪು, ಅದರಡಿಯಿಂದ ಕಾಲು, ಅಲ್ಲಾಡುತ್ತಿರುವ ಪಾದ, ಎರಡನೇ ಗೇರು, ಗರಗರ, ಪಾದ ನಿಂತಿತು. ಬ್ರೇಕ್ ಮೇಲೆ ಕಾಲು ಯಾವಾಗ ಹೋಯಿತೋ, ಇಲ್ಯಾಕೆ ನಿಲ್ಸಿದ್ಯೋ ಮಾರಾಯ, ಕೊಯ್ಲಿಗೆ ಹೊತ್ತಾಯ್ತು, ಅಂಗೈ ಹಾರನ್ನಿನ ಮೇಲಿದೆ, ಒತ್ತುತ್ತಿಲ್ಲ, ತೆಗೆಯಲೂ ಆಗುತ್ತಿಲ್ಲ, ಅಲ್ಲಿ ಆ ಪಾದ, ಗ್ರೀಸ್ ಮೆತ್ತಿದ ಹಿಮ್ಮಡಿ, ಅಲ್ಲಾಡದೆ, ಬಾಗಿಲಾಚೆ ನಿಂತು ಕಿವಿಗೊಟ್ಟ ಹಾಗೆ, ಆ ಪಾದ —