ಉಲ್ಯಾನಾ ಕೆಡಿಸಬೇಕಿದ್ದ ನಾಟಕ

ಒಸೊಕಿನೋ ಹಳ್ಳಿಯ ನಮ್ಮ ಧಣಿ ಪ್ಲತೋನ್ ಗವ್ರೀಲಿಚ್ ಹಳೆಯ ಗಾಡಿಮನೆಯನ್ನು ನಾಟಕಶಾಲೆ ಮಾಡಿ ಹನ್ನೊಂದು ವರ್ಷವಾಗಿತ್ತು. ಅಷ್ಟೂ ವರ್ಷ ಅಲ್ಲಿಯ ಉಡುಪು ಹೊಲಿದವಳು ನಾನು, ಜೀತದ ಫೆಕ್ಲಾ. ರಾಣಿಯ ಪಾತ್ರ ನನ್ನ ಮಗಳು ಉಲ್ಯಾನಾಳದು. ಅವಳ ಆಟವನ್ನು ನಾನು ಎದುರಿನಿಂದ ಒಮ್ಮೆಯೂ ಕಂಡಿರಲಿಲ್ಲ. ಹೊಲಿಗೆಯವರ ಜಾಗ ಪರದೆಯ ಹಿಂದೆ. ನನಗೆ ಕಾಣುತ್ತಿದ್ದುದು ಅವಳ ಬೆನ್ನು, ಅದರ ಮೇಲೆ ನಾನೇ ಹಾಕಿದ ಹೊಲಿಗೆ. ಅತ್ತ ಕಡೆ ದೊಡ್ಡವರು ಮೂಗು ಒರೆಸಿಕೊಳ್ಳುವುದು ಕೇಳಿಸುತ್ತಿತ್ತು. ಈ ಹುಡುಗಿ ಮುಖದಲ್ಲಿ ಅಂಥದ್ದೇನು ಮಾಡುತ್ತಾಳೋ ಎಂಬ ಕುತೂಹಲ ನನ್ನನ್ನು ಕೊರೆಯುತ್ತಿತ್ತು.

ಆ ಚಳಿಗಾಲ ಪೆನ್ಜಾದಿಂದ ಒಬ್ಬ ಜಮೀನ್ದಾರ ಬಂದ. ನಾಟಕ ಹಿಡಿಸಿದರೆ ರಾಣಿಯಾಗುವ ಉಲ್ಯಾನಾಳನ್ನು ಕೊಂಡು ಒಯ್ಯುವುದೆಂದು ಧಣಿಯೊಡನೆ ಮಾತಾಗಿದೆಯಂತೆ. ಊಟ ಬಡಿಸುವವನು ಬಂದು ಹೇಳಿದ. ಪೆನ್ಜಾ ಎಂದರೆ ಆರು ದಿನದ ದಾರಿ, ಹೋದವರು ಬಂದದ್ದಿಲ್ಲ. ನನಗಿದ್ದವಳು ಅವಳೊಬ್ಬಳೇ.

ಆಟ ಕೆಡಿಸು ಎಂದು ಮಗಳಿಗೆ ಹೇಳಿದೆ. ಮಾತು ನುಂಗು, ಲಂಗದ ಅಂಚು ತುಳಿದು ಮುಗ್ಗರಿಸು ಎಂದೆ.

"ಧಣಿ ಕೊಟ್ಟಿಗೆ ಕೆಲ್ಸಕ್ಕೆ ಅಟ್ತಾರಮ್ಮ."

"ಅಟ್ಲಿ ಬಿಡು. ಕೊಟ್ಟಿಗೆ ಒಸೊಕಿನೋದಲ್ಲೇ ಇದೆಯಲ್ಲ."

ಒಪ್ಪಿದಳು. ಮೂರು ದಿನ ಒಲೆಯ ಮುಂದೆ ಮುಗ್ಗರಿಸುವ ಅಭ್ಯಾಸ ನಡೆಸಿದಳು. ಪುಣ್ಯಾತ್ಗಿತ್ತಿ ಅದನ್ನೂ ಎಷ್ಟು ಚೆನ್ನಾಗಿ ಮಾಡಿದಳೆಂದರೆ ನಾನು ನಕ್ಕು ಸುಸ್ತಾದೆ.

ನಾಟಕದ ದಿನ ಸೂಜಿದಾರ ಬಿಟ್ಟು, ಸಭೆಯ ಹಿಂಬದಿಗೆ ನುಸುಳಿ, ಮೇಣದಬತ್ತಿ ನೋಡಿಕೊಳ್ಳುವವಳ ಪಕ್ಕದಲ್ಲಿ ನಿಂತೆ. ಮಗಳು ತಪ್ಪುವುದನ್ನು ಕಣ್ಣಾರೆ ನೋಡದೆ ನನಗೆ ಸಮಾಧಾನವಿರಲಿಲ್ಲ. ಕುತೂಹಲವೂ ಇತ್ತು, ಸುಳ್ಳೇಕೆ ಹೇಳಲಿ.

ರಾಣಿ ಬಂದಳು, ಮೊದಲ ಮಾತನ್ನೇ ನುಂಗಿದಳು. ಧಣಿಯ ಕತ್ತು ಕೆಂಪಾಯಿತು. ಲಂಗದ ಅಂಚು ತುಳಿದಳು, ಯಾರೋ ಕಿಸಕ್ಕೆಂದರು. ಆಮೇಲೆ ಸೆರೆಮನೆಯ ದೃಶ್ಯ. ರಾಣಿ ತನ್ನ ಕೂಸನ್ನು ಕಾವಲುಗಾರನ ಕೈಗೆ ಕೊಡಬೇಕು. ಕೂಸೆಂದರೆ ನಾನೇ ಹೊಟ್ಟು ತುಂಬಿ ಹೊಲಿದ ಬಟ್ಟೆಯ ಗಂಟು. ಅವಳು ತಲೆಯೆತ್ತಿ ಸಭೆಯ ಕೊನೆಯವರೆಗೂ ನೋಡಿದಳು. ಗಂಟಿನ ಹೊದಿಕೆ ಸರಿಮಾಡಿದಳು, ಕೊಡಲು ಕೈ ಚಾಚಿದಳು, ಮತ್ತೆ ಎದೆಗೆ ಎಳೆದುಕೊಂಡಳು. ಅಷ್ಟೇ. ಒಳಗಿರುವುದು ಹೊಟ್ಟು ಎಂಬುದು ನನಗೇ ಮರೆತುಹೋಯಿತು. ಇನ್ನೆಲ್ಲೂ ತಪ್ಪದಿರಲಿ ದೇವರೇ ಎಂದು ಶಿಲುಬೆಯ ಗುರುತು ಹಾಕಿಕೊಂಡೆ. ಅವಳು ತಪ್ಪಲಿಲ್ಲ.

ಮರುದಿನ ಬೆಳಗ್ಗೆ ಪೆನ್ಜಾದವರ ಹಿಮದ ಜಾರುಗಾಡಿ ಸಿದ್ಧವಾಗಿತ್ತು. ನಾನು ಬೈಯಬೇಕೆಂದೇ ಹೋದೆ. ಉಲ್ಯಾನಾ ಗಾಡಿಯೊಳಗೆ ಕುರಿಚರ್ಮ ಹೊದ್ದು ನಡುಗುತ್ತ ಕುಳಿತಿದ್ದಳು.

"ನಿನ್ನೆ ದೀಪದ ಹತ್ರ ನಿನ್ನ ಮುಖ ಕಾಣಿಸ್ತಮ್ಮ," ಎಂದಳು. "ಮೊದಲ್ನೇ ಸಲ ನೋಡೋಕೆ ಬಂದಿದ್ದೀಯ. ನಿನ್ನ ಮುಂದೆ ಹೆಂಗೆ ಕೆಡಿಸ್ಲಿ?"

ನಾನು ಬೈಯದೆ ಅವಳ ಕುರಿಚರ್ಮ ಸರಿಮಾಡಿದೆ. ಚೆನ್ನಾಗಿತ್ತಾ ಎಂದು ಕೇಳಿದಳು. ಚೆನ್ನಾಗಿತ್ತು ಮಗಳೇ ಎಂದೆ. ಗಾಡಿಯವನು ಕುದುರೆ ಹೊಡೆದ.