ಅಮೆಥಿಸ್ಟ್‌ನಲ್ಲಿ ಒಂದು ಕುರ್ಚಿ

ತೆಲುಗು ಸೀಮೆಯ ಉಪ್ಪಲ್‌ನ ಗಾಜಿನ ಕಟ್ಟಡವೊಂದರ ನಾಲ್ಕನೆಯ ಅಂತಸ್ತಿನಲ್ಲಿ ಗುರುದೇವಿ ಚಹಾ, ನೀರು ಕೊಡುತ್ತಿದ್ದಳು. ಅದಕ್ಕೂ ಮೊದಲು ಅಲ್ಲೇ ಆಚೆ ಸ್ಟೇಡಿಯಂ ಕಟ್ಟುವಾಗ ತಲೆಯ ಮೇಲೆ ಕಾಂಕ್ರೀಟಿನ ಬಾಂಡ್ಲಿ ಹೊತ್ತವಳು. ಲಿಂಗಸುಗೂರಿನಿಂದ ತಂದ ಗಟ್ಟಿ ಬೆನ್ನನ್ನು ಈ ಊರು ಮೂರೇ ವರ್ಷಕ್ಕೆ ತಿಂದು ಮುಗಿಸಿತ್ತು. ಇನ್ನು ಭಾರ ಹೊತ್ತರೆ ಹಾಸಿಗೆ ಹಿಡಿಯುತ್ತೀ ಎಂದು ಡಾಕ್ಟರು ಹೇಳಿದ ಮೇಲೆ ಸಿಕ್ಕ ಕೆಲಸ ಇದು. ಟ್ರೇ ಹಿಡಿ, ನಡಿ, ಇಡು, ಬಾ. ಇದೂ ಹೋದರೆ ಮತ್ತೆ ಬಾಂಡ್ಲಿಯೇ ಗತಿ ಎಂಬುದನ್ನು ಪ್ರತಿ ಬೆಳಿಗ್ಗೆ ಚಾಪೆಯಿಂದ ಏಳುವಾಗ ಅವಳ ಸೊಂಟವೇ ನೆನಪಿಸುತ್ತಿತ್ತು.

ಮೂರು ವರ್ಷಕ್ಕೂ ಮಿಕ್ಕಿ ಸುಸೂತ್ರವಾಗಿ ನಡೆಯಿತು. ಆಮೇಲೆ ಹೊಸ ಸಾಹೇಬನೊಬ್ಬ ಬಂದು, ಒಂದು, ಎರಡು, ಮೂರು ಎಂದಿದ್ದ ಮೀಟಿಂಗ್ ರೂಮುಗಳಿಗೆ ಹರಳುಗಳ ಹೆಸರು ಅಂಟಿಸಿದ. ರೂಬಿ, ಟೋಪಾಜ್, ಅಮೆಥಿಸ್ಟ್. ಎಲ್ಲ ಬಾಗಿಲೂ ಒಂದೇ ಗಾಜು, ಎಲ್ಲ ಅಕ್ಷರವೂ ಇಂಗ್ಲಿಷು. ಅಮೆಥಿಸ್ಟ್‌ಗೆ ಒಯ್ಯಬೇಕಾದ ಚಹಾವನ್ನು ಗುರುದೇವಿ ಟೋಪಾಜ್‌ನಲ್ಲಿ ಕೂತಿದ್ದ ಫಾರಿನ್ನಿನವರ ಮುಂದೆ ಇಟ್ಟುಬಂದಳು. ಕಟ್ಟಡದ ಉಸ್ತುವಾರಿ ನೋಡುತ್ತಿದ್ದ ಗೋಪಿನಾಥ ಎಲ್ಲರೆದುರೇ ಬೈದ. ಇನ್ನೊಮ್ಮೆ ಹೀಗಾದರೆ ನಾಳೆಯಿಂದ ಬರಬೇಡ ಎಂದ.

ಅವಳಿಗೆ ಅಮೆಥಿಸ್ಟ್ ಎಂಬ ಮಾತು ಕಲಿಸಿದವಳು ಐಶ್ವರ್ಯಾ. ಕಲಬುರಗಿಯ ಹುಡುಗಿ, ಕಂಪ್ಯೂಟರಿನ ಮುಂದೆ ಕೂತು ಕೆಲಸ ಮಾಡುವವಳು. ಪ್ಯಾಂಟ್ರಿಯಲ್ಲಿ ನೀರು ತುಂಬಿಕೊಳ್ಳುವಾಗ ಗುರುದೇವಿ ತನಗೆ ತಾನೇ ಗೊಣಗುತ್ತಿದ್ದ ಕನ್ನಡ ಕೇಳಿ ಗುರುತಾಗಿದ್ದಳು.

"ಅಮೆಥಿಸ್ಟ್ ಅಂದ್ರ ಒಂದು ಹರಳು ಅಕ್ಕಾ. ನ್ಯಾರಳೆ ಹಣ್ಣಿನ ಬಣ್ಣದ್ದು. ಉಂಗುರಕ್ಕ ಹಾಕ್ತಾರ."

"ಹಾಕ್ಕೊಂಡ್ರ ಏನಾಕ್ಕೈತ್ರಿ ಮೇಡಮ್ಮಾರ?"

"ಶೆರೆ ಕುಡದ್ರೂ ನಿಶೆ ಏರಂಗಿಲ್ಲ ಅಂತ ಹಿಂದಿನ ಕಾಲದಾಗ ಗ್ರೀಕ್ ಮಂದಿ ನಂಬಿದ್ರಂತ."

"ಅಯ್ಯ, ಹಂಗಾರ ನಮ್ಮ ಓಣಿ ಗಂಡಸರ ಕೊಳ್ಳಿಗೆಲ್ಲ ಒಂದೊಂದು ಕಟ್ಟಬೇಕು ನೋಡ್ರಿ!"

ಇಬ್ಬರೂ ನಕ್ಕರು. ಐಶ್ವರ್ಯಾ ಬಿಸ್ಕೀಟು ಪೊಟ್ಟಣದ ಹಿಂಬದಿಯಲ್ಲಿ ಕನ್ನಡದಲ್ಲಿ ಆ ಹೆಸರು ಬರೆದು, ಪಕ್ಕದಲ್ಲೇ ಇಂಗ್ಲಿಷಿನಲ್ಲೂ ಬರೆದುಕೊಟ್ಟಳು. ಎರಡನೆಯ ಇಯತ್ತೆಗೆ ಸಾಲೆ ಬಿಟ್ಟಿದ್ದ ಗುರುದೇವಿ ಅದನ್ನು ಕುಪ್ಪಸದೊಳಗಿಟ್ಟುಕೊಂಡು ಬಸ್ಸಿನಲ್ಲಿ, ಒಲೆಯ ಮುಂದೆ, ನಲ್ಲಿಯ ಪಾಳಿಯಲ್ಲಿ ಬಾಯಿಪಾಠ ಮಾಡಿದಳು. ವಾರದೊಳಗೆ ಆ ಬಾಗಿಲು ಅವಳಿಗೆ ದೂರದಿಂದಲೇ ಗುರುತು ಹತ್ತುತ್ತಿತ್ತು.

ಅರ್ಥ ತಿಳಿದಿತ್ತು. ಬಳಕೆ ತಿಳಿದದ್ದು ಆ ಚಳಿಗಾಲದಲ್ಲಿ.

ಅಮೆರಿಕಾದಲ್ಲಿ ಯಾವುದೋ ಬ್ಯಾಂಕು ಮುಳುಗಿತಂತೆ. ಅಲ್ಲಿ ಮುಳುಗಿದ್ದಕ್ಕೆ ಉಪ್ಪಲ್‌ನಲ್ಲಿ ಯಾಕೆ ಮಂದಿಯನ್ನು ತೆಗೆಯಬೇಕೋ ಗುರುದೇವಿಗೆ ಯಾರೂ ಹೇಳಲಿಲ್ಲ. ಹೇಳಿದ್ದು ಇಷ್ಟೇ: ಅಮೆಥಿಸ್ಟ್‌ಗೆ ಎರಡು ಲೋಟ ನೀರು, ಒಂದು ಡಬ್ಬಿ ಟಿಶ್ಯೂ. ಒಬ್ಬೊಬ್ಬರನ್ನೇ ಕರೆಯುತ್ತಿದ್ದರು. ಕುರ್ಚಿ, ನೀರು, ಮೆತ್ತನೆಯ ದನಿ, ಒಂದು ಕಾಗದ. ಹೊರಗೆ ಬಂದವರು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಮೊನ್ನೆ ಮೋಹನನಿಗೆ ಅಮೆಥಿಸ್ಟ್ ಆಯಿತು, ನಾಳೆ ಯಾರಿಗೋ ಎಂದು ಲಿಫ್ಟಿನಲ್ಲಿ ಪಿಸುಗುಟ್ಟುತ್ತಿದ್ದರು. ಹೊಟ್ಟೆಯ ಮೇಲೆ ಹೊಡೆಯುವ ಕೋಣೆಗೂ ಹರಳಿನ ಹೆಸರಿಡುವಷ್ಟು ನಾಜೂಕು ಈ ಜನಕ್ಕೆ.

ಒಂದು ಮಂಗಳವಾರ ಅವಳು ಟ್ರೇ ಹಿಡಿದು ಒಳಗೆ ಹೋದಾಗ ಕುರ್ಚಿಯಲ್ಲಿ ಐಶ್ವರ್ಯಾ ಕೂತಿದ್ದಳು.

"ನಾನಾಗೇ ಬಿಟ್ಟೆ ಅಂತ ಇದರಲ್ಲಿ ಬರೆದಿದ್ದೀರಿ. ನಾನು ಬಿಟ್ಟಿಲ್ಲ, ನೀವು ತೆಗೆದಿದ್ದೀರಿ," ಎಂದು ಹಿಂದಿಯಲ್ಲಿ ವಾದಿಸುತ್ತಿದ್ದಳು. ಎದುರಿದ್ದವರು ಹಾಗೆ ಬರೆದರೇ ನಿಮಗೆ ಒಳ್ಳೆಯದು ಎನ್ನುತ್ತಿದ್ದರು. ಹುಡುಗಿ ಕಾಗದವನ್ನು ಅವರ ಕಡೆಗೇ ವಾಪಸ್ಸು ಸರಿಸಿದಳು. ಗುರುದೇವಿ ಮೇಡಮ್ಮಾರ ಎನ್ನುವುದನ್ನೂ ಮರೆತಳು.

"ನೀರ್ ಕುಡಿ ತಂಗಿ."

ಐಶ್ವರ್ಯಾ ಕುಡಿದಳು. ಕೊನೆಗೆ ಸಹಿ ಹಾಕಿದಳು.

ಎರಡು ವಾರದ ಮೇಲೆ ಬೆಳಿಗ್ಗೆ ಗೇಟಿನಲ್ಲಿ ಗುರುದೇವಿಯ ಕಾರ್ಡಿಗೆ ಕೆಂಪು ದೀಪ ಹತ್ತಿತು. ಒರೆಸಿ ಮತ್ತೆ ಹಿಡಿದಳು. ಮತ್ತೆ ಕೆಂಪು. ಕಾವಲಿನ ಪರಮೇಶ ಶಹಾಪುರದವನು, ಎದ್ದು ಬಂದ.

"ಅಕ್ಕಾ, ಕಾರ್ಡ್ ಇಲ್ಲೇ ಇಸ್ಕೊಂಡು ಕಳಸು ಅಂದಾರ."

"ಯಾರಂದಾರ?"

"ಫೋನ್ ಬಂತು. ಮೂವರದು ಐತಿ. ನಾ ಏನ್ ಮಾಡ್ಲಿ?"

ಗುರುದೇವಿಗೆ ಅಳು ಬರಲಿಲ್ಲ. ಅಮೆಥಿಸ್ಟ್‌ಗೆ ಎಷ್ಟು ಲೋಟ ನೀರು ಒಯ್ದಿದ್ದಳೋ ಅವಳಿಗೇ ಲೆಕ್ಕವಿರಲಿಲ್ಲ. ಅವಳ ಪಾಲಿಗೆ ಬಂದದ್ದು ಒಂದು ಕೆಂಪು ದೀಪ. ಇಲ್ಲಿ ದುಡಿದದ್ದಕ್ಕೆ ಒಂದು ಕಾಗದವಿಲ್ಲದೆ ಬೇರೆ ಯಾವ ಆಫೀಸಿನ ಪ್ಯಾಂಟ್ರಿಯೂ ಅವಳನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಬಾಂಡ್ಲಿ ಮಾತ್ರ ಯಾವ ಕಾಗದವನ್ನೂ ಕೇಳುವುದಿಲ್ಲ.

"ನಿನ್ನಿ ಬುತ್ತಿ ಡಬ್ಬಿ ಮ್ಯಾಲೇ ಉಳದೈತಿ ತಮ್ಮಾ. ತಗೊಂಡು ಬರ್ತೀನಿ."

ಪರಮೇಶ ಆಚೆ ಈಚೆ ನೋಡಿ ಪಕ್ಕದ ಬಾಗಿಲು ತೆಗೆದ. "ಐದ ನಿಮಿಷ ನೋಡು ಮತ್ತ."

ಅವಳು ಪ್ಯಾಂಟ್ರಿಯಿಂದ ಡಬ್ಬಿ ತೆಗೆದುಕೊಂಡಳು. ಒಂದು ಲೋಟ ನೀರು ತುಂಬಿದಳು. ನೇರ ಅಮೆಥಿಸ್ಟ್‌ಗೆ ಹೋಗಿ ಆ ಕುರ್ಚಿಯಲ್ಲಿ ಕೂತಳು. ಇಷ್ಟು ದಿನ ಒರೆಸಿದ ಕುರ್ಚಿ. ಬೆನ್ನಿಗೆ ಇಷ್ಟು ಹಿತವಾಗಿರುತ್ತದೆಂದು ಗೊತ್ತೇ ಇರಲಿಲ್ಲ.

ಗೋಪಿನಾಥ ಓಡಿ ಬಂದು, ಏಳು ಎಂದು ತೆಲುಗು ಹಿಂದಿ ಬೆರೆಸಿ ಕೂಗಿದ. "ಏಂಟಮ್ಮಾ ಇದಿ? ಉಠೋ! ಅಭೀ ಇಧರ್ ಮೀಟಿಂಗ್ ಹೈ!"

"ನನ್ನನ್ನೂ ಇಲ್ಲೇ ತೆಗೀರಿ," ಎಂದಳು ಗುರುದೇವಿ ತನ್ನ ಹರಕು ಹಿಂದಿಯಲ್ಲಿ. "ಕಾಗದ ಬರೀರಿ. ನಾಲ್ಕು ವರ್ಷ ಇಲ್ಲಿ ದುಡಿದೆ ಅಂತ."

ನೀನು ಕಂಪೆನಿಯವಳಲ್ಲ, ಗುತ್ತಿಗೆದಾರನ ಆಳು, ಅವನನ್ನೇ ಕೇಳು ಎಂದ. ಗುತ್ತಿಗೆದಾರನ ಮುಖವನ್ನು ಅವಳು ಎಂದೂ ನೋಡಿರಲಿಲ್ಲ. ಅವಳು ಏಳಲಿಲ್ಲ. ಪೊಲೀಸರನ್ನು ಕರೆಸುತ್ತೇನೆಂದ. ಕರೆಸಿ ಎಂದಳು. ಗಾಜಿನ ಆಚೆ ಮೀಟಿಂಗಿನವರು ಗುಂಪುಗೂಡಿದರು. ಅವರ ನಡುವೆ ಇಬ್ಬರು ಫಾರಿನ್ನಿನವರೂ ಇದ್ದರು. ಗೋಪಿನಾಥ ಅವರನ್ನೊಮ್ಮೆ, ಇವಳನ್ನೊಮ್ಮೆ ನೋಡಿ, ಬೆವರು ಒರೆಸಿಕೊಂಡು ಹೊರಗೆ ಹೋದ. ಕಂಪೆನಿಯ ಹೆಸರಿದ್ದ ಕಾಗದ ತಂದು ನಿಂತಲ್ಲೇ ಮೂರು ಸಾಲು ಗೀಚಿದ.

"ಓದ್ರಿ," ಎಂದಳು.

ಹಲ್ಲು ಕಚ್ಚಿ ಹಿಂದಿಯಲ್ಲಿ ಓದಿದ. ನಾಲ್ಕು ವರ್ಷ ಪ್ಯಾಂಟ್ರಿಯಲ್ಲಿ ಕೆಲಸ ಮಾಡಿದ್ದಾಳೆ. ನಡತೆ ಒಳ್ಳೆಯದು. ತಾನಾಗಿಯೇ ಕೆಲಸ ಬಿಟ್ಟಿದ್ದಾಳೆ.

ಆ ಕೊನೆಯ ಮಾತನ್ನು ಗುರುದೇವಿ ಇದೇ ಕೋಣೆಯಲ್ಲಿ, ಟ್ರೇ ಹಿಡಿದು ನಿಂತು, ತಿಂಗಳುಗಟ್ಟಲೆ ಕೇಳಿದ್ದಳು.

"ಮೈಂ ನಹೀ ಛೋಡೀ ಸಾಬ್. ತುಮೀಚ್ ನಿಕಾಲೇ. ವೈಸಾಚ್ ಲಿಖೋ."

ಅವಳು ಬಿಟ್ಟಿಲ್ಲ, ನಾವೇ ತೆಗೆದೆವು ಎಂದು ಬರೆಯುವುದು ಅವನಿಂದಾಗಲಿಲ್ಲ. ಆದರೆ ಆ ಸಾಲನ್ನು ಅವಳ ಕಣ್ಣೆದುರೇ ಅಡ್ಡಗೆರೆ ಎಳೆದು ಹೊಡೆದ, ಸಿಕ್ಕಾ ಒತ್ತಿದ, ಕಾಗದವನ್ನು ಮೇಜಿನ ಮೇಲೆ ತಳ್ಳಿದ.

ಗುರುದೇವಿ ಅದನ್ನು ಮಡಚಿ ಬಿಸ್ಕೀಟು ಪೊಟ್ಟಣದ ಚೂರಿನ ಜೊತೆ ಕುಪ್ಪಸದೊಳಗಿಟ್ಟಳು. ನೀರನ್ನು ಪೂರ್ತಿ ಕುಡಿದಳು. ಎದ್ದು ನಿಂತಾಗ ಸೊಂಟ ಚಳಕು ಹೊಡೆಯಿತು; ಕೈ ತನ್ನಷ್ಟಕ್ಕೆ ತಾನೇ ಖಾಲಿ ಲೋಟದ ಕಡೆ ಹೋಯಿತು, ತೊಳೆದಿಡಲು.

ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಲೋಟ ಅಲ್ಲೇ ಇರಲಿ ಎಂದು ಬಿಟ್ಟು, ಬುತ್ತಿ ಡಬ್ಬಿ ಹಿಡಿದು ಲಿಫ್ಟಿನ ಕಡೆ ನಡೆದಳು.