ನಾಲ್ಕನೇ ನಾಬು

ಹೊಳೆಮ್ಮ ಕಂಪ್ಲಿ ಬಸ್ಸಿಳಿದು ಬುಕ್ಕಸಾಗರದ ಪಾಲಪ್ಪನ ಅಂಗಳಕ್ಕೆ ಬಂದಾಗ, ವಿರುಪಮ್ಮ ಗಂಡನ ಹೆಗಲಿಂದ ಜಾರುತ್ತಿದ್ದ ಶಾಲನ್ನು ಮತ್ತೆ ಹೊದಿಸುತ್ತಿದ್ದಳು. ಪಾಲಪ್ಪನ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಹಾರ. ಮೊನ್ನೆಯಷ್ಟೇ ಹೊಸಪೇಟೆಯ ಮದುವೆಯೊಂದರಲ್ಲಿ ಕೀಬೋರ್ಡು ನುಡಿಸಿದ್ದ ಮನುಷ್ಯ. ನಿನ್ನೆ ಗದ್ದೆಗೆ ನೀರು ಕಟ್ಟಿ ಬಂದು, ಎದೆ ಹಿಡಿದುಕೊಂಡು ಕೂತವನು ಏಳಲೇ ಇಲ್ಲ.

ಪಾಲಪ್ಪ ನುಡಿಸುತ್ತಿದ್ದ, ಹೊಳೆಮ್ಮ ಹಾಡುತ್ತಿದ್ದ ಆರ್ಕೆಸ್ಟ್ರಾದ ತಬಲಾ ಮುದುಕಪ್ಪ ಭಜನೆಯವರ ಜೊತೆ ತಾಳ ಹಾಕುತ್ತಿದ್ದ. ಮಣ್ಣಿಗೆ ಒಯ್ಯುವ ಮುಂಚೆ ಒಂದು ಪದ ಹಾಡು ಎಂದು ಹೊಳೆಮ್ಮನನ್ನು ಕೇಳಿದ. ಅವಳು ತಲೆ ಅಲ್ಲಾಡಿಸಿ ಹೆಂಗಸರ ನಡುವೆ ಕುಳಿತಳು. ದುಃಖಕ್ಕೆ ಹಾಡಲಾರಳು ಎಂದು ಎಲ್ಲರೂ ತಿಳಿದರು. ನಿಜ ಗೊತ್ತಿದ್ದವನು ಪಾಲಪ್ಪ ಒಬ್ಬನೇ ಎಂದು ಅವಳು ನಂಬಿದ್ದಳು.

*

ನಾಲ್ಕು ವರ್ಷದ ಹಿಂದೆ, ಗಂಟಲ ಆಪರೇಷನ್ ಆದ ಮೇಲೆ, ಹೊಳೆಮ್ಮನ ದನಿ ಎತ್ತರದ ಸ್ವರದಲ್ಲಿ ಒಡೆಯತೊಡಗಿತ್ತು. ಇನ್ನು ಹಾಡುವುದಿಲ್ಲವೆಂದು ಹೇಳಲು ಬಂದವಳಿಗೆ ಪಾಲಪ್ಪ ತನ್ನ ಹೊಸ ಕೀಬೋರ್ಡು ತೋರಿಸಿದ. ಅದರ ಎಡಕ್ಕೆ ನಾಲ್ಕು ನಾಬುಗಳು, ತಿರುವುವ ಗುಂಡಿಗಳು, ಇದ್ದವು. ಯಾವ ನಾಬಿಗೆ ಯಾವ ಕೆಲಸ ಎಂಬುದನ್ನು ನುಡಿಸುವವನೇ ಗೊತ್ತುಮಾಡಬಹುದಿತ್ತು. ಒಂದನ್ನು ಕೊಳಲಿಗೆ, ಒಂದನ್ನು ಶ್ರುತಿಗೆ, ಒಂದನ್ನು ಪ್ರತಿಧ್ವನಿಗೆ ಅವನು ಆಗಲೇ ಹಚ್ಚಿದ್ದ.

“ನಾಲ್ಕನೇದು ನಿನಗ,” ಎಂದ. “ನಿನ್ನ ದನಿ ಜಾರಿತು ಅನ್ನಾಗ ಇದನ್ನ ತಿರುವ್ತೀನಿ. ಪಿಟೀಲು ಎದ್ದು ನಿನ್ನ ಮುಚ್ಚಿಕೊಂತೈತಿ. ಯಾರಿಗೂ ತಿಳಿಯಂಗಿಲ್ಲ. ಅಂಜಬ್ಯಾಡ, ಹಾಡು.”

ಅಂದಿನಿಂದ ಎತ್ತರದ ಸಾಲು ಬಂದಾಗಲೆಲ್ಲ ಅವಳು ಅವನ ಎಡಗೈ ನೋಡುತ್ತಿದ್ದಳು. ಕೈ ನಾಬಿಗೆ ಹೋಗುತ್ತಿತ್ತು. ಅವಳು ಕಣ್ಣು ಮುಚ್ಚಿ ಏರುತ್ತಿದ್ದಳು; ವೇದಿಕೆಯ ಗದ್ದಲದಲ್ಲಿ ಪಿಟೀಲಾಗಲಿ ತನ್ನ ದನಿಯಾಗಲಿ ಅವಳಿಗೆ ಬಿಡಿಸಿ ಕೇಳುತ್ತಿರಲಿಲ್ಲ. ಯಶವಂತನಗರದ ಗಣಿ ಕಾರ್ಮಿಕರ ಮುಂದೆ, ಕಂಪ್ಲಿಯ ರೈಸ್‌ಮಿಲ್ ಮಾಲೀಕರ ಮದುವೆಗಳಲ್ಲಿ, ಎಲ್ಲಿಯೂ ಒಡಕು ಯಾರ ಕಿವಿಗೂ ಬೀಳಲಿಲ್ಲ. ಗಂಡನಿಲ್ಲದ ಅವಳ ಮನೆ ಆ ಹಾಡಿನಿಂದಲೇ ನಡೆಯಿತು. ಮಗಳು ಓದಿ ಟೀಚರ್ ಆದಳು.

*

ವಿರುಪಮ್ಮ ಬಂದು ಪಕ್ಕದಲ್ಲಿ ಕುಳಿತಳು. ಅವರಿಗೆ ನಿನ್ನ ಪದವೆಂದರೆ ಇಷ್ಟವಿತ್ತು, ಹಾಡು ಎಂದಳು.

“ಆಗಂಗಿಲ್ಲ ಅತ್ತಿಗಿ. ಅಣ್ಣನ ಕೈ ಇಲ್ಲದ ನನ್ನ ದನಿ ಏರಂಗಿಲ್ಲ.”

ಇಷ್ಟು ದಿನ ಮುಚ್ಚಿಟ್ಟದ್ದನ್ನೆಲ್ಲ ಹೊಳೆಮ್ಮ ಪಿಸುಮಾತಿನಲ್ಲಿ ಹೇಳಿದಳು. ವಿರುಪಮ್ಮನಿಗೆ ಅಚ್ಚರಿಯೇನೂ ಆಗಲಿಲ್ಲ.

“ಎರಡು ವರ್ಷದಿಂದ ಆ ನಾಬಿಗೆ ಕೆಲಸನ ಇಲ್ಲವ್ವಾ,” ಎಂದಳು. “ಆಕಿ ದನಿ ತಿರುಗಿ ಬಂದೈತಿ, ಹೇಳಿದ್ರ ಅಂಜ್ಯಾಳು ಅಂತಿದ್ರು. ಖಾಲಿ ನಾಬಿನ ಮ್ಯಾಲ ಸುಮ್ಮನ ಕೈ ಇಡತಿದ್ರು. ಆಮ್ಯಾಲ ಹೇಳ್ತೀನಿ, ಆಮ್ಯಾಲ ಹೇಳ್ತೀನಿ ಅನಕೊಂತ ಹೋದ್ರು.”

ಹೊಳೆಮ್ಮ ಪಾಲಪ್ಪನ ಮುಖವನ್ನೇ ನೋಡಿದಳು. ಎರಡು ವರ್ಷ ತನ್ನನ್ನು ಮರುಳು ಮಾಡಿದನಲ್ಲ ಎಂದು ಒಂದು ಗಳಿಗೆ ಸಿಟ್ಟು ಬಂತು. ಆಮೇಲೆ, ಬೆಳಗಿನಿಂದ ಬಾರದಿದ್ದ ಅಳು ಬಂತು.

ಮಧ್ಯಾಹ್ನ ಪಾಲಪ್ಪನನ್ನು ಹೊತ್ತು ಹೊರಟರು. ಕಾಲುವೆ ದಂಡೆಗೆ ಬಂದಾಗ, ಯಾರೂ ಕೇಳದೆಯೇ ಹೊಳೆಮ್ಮ ಪದ ಎತ್ತಿಕೊಂಡಳು. ಮುದುಕಪ್ಪ ತಾಳ ನಿಲ್ಲಿಸಿ ಹಿಂತಿರುಗಿ ನೋಡಿದ. ಎತ್ತರದ ಸಾಲಿನಲ್ಲಿ ದನಿ ತುಸು ನಡುಗಿತು, ಏರಿತು, ಅಲ್ಲಿಯೇ ನಿಂತಿತು. ಪಕ್ಕದ ಗದ್ದೆಯಲ್ಲಿ ನಾಟಿ ಹಚ್ಚುತ್ತಿದ್ದ ಹೆಂಗಸರು ಸಸಿ ಹಿಡಿದುಕೊಂಡೇ ನಡು ನೆಟ್ಟಗೆ ಮಾಡಿದರು. ಹೊತ್ತವರೂ ಹೆಗಲ ಭಾರ ಮರೆತು, ಆ ಸಾಲು ಮುಗಿಯುವ ತನಕ ಹೆಜ್ಜೆ ಎತ್ತದೆ ನಿಂತರು.